ಎರಡು ಕಡೆ ಕೇಳುವ ಸ್ಟೇಷನ್

ಸೋದರತ್ತೆ ನನಗೆ ಗಡುವು ಕೊಟ್ಟಿದ್ದರು. ತಿಂಗಳು ಮುಗಿಯುವುದರೊಳಗೆ ಶಾರ್ಟ್‌ವೇವ್ ಟ್ಯೂನಿಂಗ್ ತಲೆಗೆ ಹತ್ತಬೇಕು, ಇಲ್ಲದಿದ್ದರೆ ಅಪ್ಪನ ಸೈಕಲ್ ಅಂಗಡಿಗೆ ವಾಪಸ್. ಎರಡು ಕೆಲಸ ನಾನೇ ಬಿಟ್ಟು, ಮೂರನೆಯದರಿಂದ ತೆಗೆದುಹಾಕಿಸಿಕೊಂಡು, ಮೂವತ್ತರ ಹತ್ತಿರ ಬಂದವಳು ನಾನು. ಮತ್ತೆ ಪಂಕ್ಚರ್ ಹಾಕುತ್ತ ಅಪ್ಪನ ಉಪದೇಶ ಕೇಳುವುದನ್ನು ನೆನೆದರೇ ಮೈ ಉರಿಯುತ್ತಿತ್ತು. ಜೊತೆಗೆ ಈ ರೇಡಿಯೋ ರಿಪೇರಿ ನನಗೆ ಇಷ್ಟವಾಗಿಬಿಟ್ಟಿತ್ತು. ಅದನ್ನು ಅತ್ತೆಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಅಂಗಡಿ ಎಂದರೆ ಮೂರು ಮಹಡಿ ಕಟ್ಟಡದ ಮೆಟ್ಟಿಲ ಕೆಳಗಿನ ಸಂದು. ಎದ್ದು ನಿಂತರೆ ತಲೆ ಬಡಿಯುತ್ತದೆ. ಅತ್ತೆ ಕುಳ್ಳಗಿದ್ದಾರೆ, ಅವರಿಗೆ ತೊಂದರೆಯಿಲ್ಲ. ಮೇಜಿನ ಮೇಲೆ ಒಂದು ಮೀಟರು ಇತ್ತು, ಅದರ ಮೇಲೆ ಅವರು ಟೀ ಲೋಟ ಇಡುತ್ತಿದ್ದರು. ಕೆಲಸವೆಲ್ಲ ಕಿವಿಯಲ್ಲೇ.

“ರೇಡಿಯೋ ಒಳಗೇ ತನ್ನದೇ ಅಲೆ ಹುಟ್ಟಿಸೋ ಒಂದು ಆಸಿಲೇಟರ್ ಇದೆ ಕಣೇ. ನಿನಗೆ ಬೇಕಾದ ಸ್ಟೇಷನ್‌ಗಿಂತ ಅದು ಯಾವಾಗ್ಲೂ ನಾನ್ನೂರೈವತ್ತೈದು ಕಿಲೋಹರ್ಟ್ಸ್ ಮೇಲಿರುತ್ತೆ. ಅಷ್ಟು ವ್ಯತ್ಯಾಸ ಇದ್ರೆ ಮಾತ್ರ ಸದ್ದು ಒಳಗೆ ಬಿಡೋದು. ಅರ್ಥ ಆಯ್ತಾ?”

“ಆಯ್ತು.”

“ಏನು ಅರ್ಥ ಆಯ್ತು?”

“ನಾನ್ನೂರೈವತ್ತೈದು.”

ಅತ್ತೆ ಹಣೆ ಚಚ್ಚಿಕೊಂಡರು.

ಆಸಿಲೇಟರಿಗೆ ಟ್ರಿಮ್ಮರ್ ಎಂಬ ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸುತ್ತ ಹೋದರೆ ಒಂದೇ ಸ್ಟೇಷನ್ ಎರಡು ಕಡೆ ಜೋರಾಗಿ ಕೇಳುತ್ತದೆ. ಒಂದು ಸರಿ, ಇನ್ನೊಂದು ಮೋಸ. ಮೋಸದ ಕಡೆ ನಿಲ್ಲಿಸಿದರೆ ಡಯಲ್ಲಿನ ಮಧ್ಯದಲ್ಲಿ ಸಣ್ಣ ಸೀಟಿ ಬರುತ್ತದೆ. ಸೀಟಿಯಿಲ್ಲದ ಕಡೆ ನಿಲ್ಲಿಸು, ಮುಗಿಯಿತು, ಇಷ್ಟೇ ಅತ್ತೆಯ ಶಾಸ್ತ್ರ. ಯಾಕೆ ಎರಡು ಕಡೆ ಎಂದು ಕೇಳಿದರೆ ಮತ್ತೆ ನಾನ್ನೂರೈವತ್ತೈದು.

ಗಡುವಿಗೆ ಐದು ದಿನ ಇರುವಾಗ ಗಡಿಯಾರ ರಿಪೇರಿಯವರು ತಮ್ಮ ರೇಡಿಯೋ ಹಿಡಿದು ಮೂರನೇ ಸಲ ಬಂದರು.

“ಅಮ್ಮಾ, ಇನ್ನೂ ಸೀಟಿ ಹೊಡೀತಿದೆ.”

ಅತ್ತೆ ರೇಡಿಯೋಗೆ ಕಿವಿ ಹಚ್ಚಿದರು. “ಎಲ್ಲಿ ಸ್ವಾಮಿ ಸೀಟಿ? ದಿನವಿಡೀ ಟಿಕ್ ಟಿಕ್ ಕೇಳಿ ನಿಮ್ಮ ಕಿವೀನೇ ಕೆಟ್ಟಿರಬೇಕು.” ನನ್ನತ್ತ ತಿರುಗಿದರು. “ನೀನು ಹೇಳೇ, ಇದೆಯಾ?”

ಇತ್ತು. ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಆದರೆ ಅತ್ತೆಯ ಕೆಲಸದಲ್ಲಿ ತಪ್ಪು ಹುಡುಕಿದರೆ ಐದು ದಿನವೂ ಕಾಯದೆ ನನ್ನನ್ನು ಗಾಡಿ ಹತ್ತಿಸುತ್ತಾರೆ.

“ಇಲ್ಲ ಅತ್ತೆ,” ಎಂದುಬಿಟ್ಟೆ. ನಾಚಿಕೆಗೇಡು, ನಿಜ. ಅತ್ತೆಯ ಮುಖ ಯಾಕೋ ಸಪ್ಪಗಾಯಿತು.

“ಸಂಜೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಬೇರೆ ಕಡೆ ಕೊಡ್ತೀನಿ,” ಎಂದು ಗಡಿಯಾರದವರು ಹೊರಟರು.

ಮಧ್ಯಾಹ್ನ ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಕೋಣೆಯಿಂದ ಏಣಿ ತರಲು ಮೆಟ್ಟಿಲು ಹತ್ತುತ್ತಿದ್ದೆ. ನಾಲ್ಕು ಮೆಟ್ಟಿಲು ಮೇಲಿನಿಂದ ಡಾಕ್ಟರ ನರ್ಸು, “ಏನ್ರೀ, ನಮ್ಮ ರೇಡಿಯೋ ಆಯ್ತಾ?” ಎಂದಳು. ಅದೇ ಹೊತ್ತಿಗೆ ನಾಲ್ಕು ಮೆಟ್ಟಿಲು ಕೆಳಗಿನಿಂದ ಅತ್ತೆ, “ಲೇ, ಎಲ್ಲಿ ಸತ್ತೆ?” ಎಂದರು. ಎರಡೂ ಕಲಸಿ ಕಿವಿಯಲ್ಲಿ ಗೊಂದಲವೋ ಗೊಂದಲ.

ಅಲ್ಲೇ ಕುಸಿದು ಕೂತೆ. ಆಸಿಲೇಟರ್ ಎಂದರೆ ನಾನು! ನಾಲ್ಕು ಮೆಟ್ಟಿಲು ದೂರದವರ ಮಾತು ಮಾತ್ರ ಕೇಳಿಸಿಕೊಳ್ಳಬೇಕು ಎಂದರೆ, ಕೆಳಗೆ ನಾಲ್ಕರಲ್ಲಿ ಒಬ್ಬರು, ಮೇಲೆ ನಾಲ್ಕರಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ. ಅತ್ತೆಯ ಮಾತನ್ನು ಅವರಿಗಿಂತ ಮೇಲೆ ನಿಂತೂ ಕೇಳಬಹುದು, ಕೆಳಗೆ ನಿಂತೂ ಕೇಳಬಹುದು. ಅದಕ್ಕೇ ಸ್ಕ್ರೂನಲ್ಲಿ ಎರಡು ಜಾಗ. ಈ ರೇಡಿಯೋ ಮಾಡಿದ್ದೇ ಸ್ಟೇಷನ್ನಿಗಿಂತ ಮೇಲೆ ನಿಂತು ಕೇಳುವುದಕ್ಕೆ. ಕೆಳಗೆ ನಿಲ್ಲಿಸಿದರೆ ಬೇಡದವರೂ ಬಾಯಿ ಹಾಕುತ್ತಾರೆ, ಸೀಟಿ ಹುಟ್ಟುತ್ತದೆ.

ಏಣಿ ಮರೆತು ಕೆಳಗೆ ಓಡಿದೆ. ಗಡಿಯಾರದವರ ರೇಡಿಯೋ ಬಿಚ್ಚಿ ಸ್ಕ್ರೂ ಸಡಿಲಿಸಿದೆ. ಸ್ಟೇಷನ್ ಮಾಯವಾಗಿ, ಇನ್ನಷ್ಟು ಸಡಿಲಿಸಿದಾಗ ಮತ್ತೆ ಬಂತು. ಡಯಲ್ಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಸೀಟಿಯ ಸುಳಿವಿಲ್ಲ.

“ಯಾರು ಮುಟ್ಟು ಅಂದಿದ್ದು?” ಅತ್ತೆ ಬೆನ್ನ ಹಿಂದೆಯೇ ಇದ್ದರು.

“ಅತ್ತೆ, ಬೆಳಿಗ್ಗೆ ಸುಳ್ಳು ಹೇಳ್ದೆ. ಸೀಟಿ ಇತ್ತು. ನೀವು ಮೋಸದ ಕಡೆ ನಿಲ್ಲಿಸಿದ್ರಿ.” ಮೆಟ್ಟಿಲ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಬೈಗುಳಕ್ಕೆ ಕಾದೆ.

ಅತ್ತೆ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಕ್ರೂವನ್ನು ಹಳೆಯ ಜಾಗಕ್ಕೆ ತಂದರು. “ಈಗ?”

“ಸೀಟಿ ಬಂತು.”

ಸಡಿಲಿಸಿದರು. “ಈಗ?”

“ಹೋಯ್ತು.”

“ಈಗ?”

ಐದನೇ ಸಲ ಕೇಳಿದಾಗ ನನಗೆ ಹೊಳೆಯಿತು: ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ.

“ಎರಡು ವರ್ಷ ಆಯ್ತು,” ಎಂದರು ಅತ್ತೆ. “ಸಣ್ಣ ಸದ್ದು ಒಂದೂ ಕಿವಿಗೆ ಬೀಳಲ್ಲ. ನಿಮ್ಮಪ್ಪ ನಿನ್ನ ತಂದು ಹಾಕಿದ್ದಲ್ಲ, ನಾನೇ ಬೇಡಿ ಕರೆಸ್ಕೊಂಡಿದ್ದು. ಬೇಗ ಕಲೀಲಿ ಅಂತ ಗಡುವಿಟ್ಟು ಹೆದರಿಸ್ದೆ. ಬೆಳಿಗ್ಗೆ ನೀನು ಇಲ್ಲ ಅಂದಾಗ, ಇವಳ ಕಿವೀನೂ ಹೋಯ್ತಲ್ಲಪ್ಪಾ ಅಂತ ಜೀವ ಬಾಯಿಗೆ ಬಂದಿತ್ತು.”

ನನಗೆ ನಗು, ಅಳು ಎರಡೂ ಬಂದವು.

ಸಂಜೆ ಗಡಿಯಾರದವರು ಡಯಲ್ಲನ್ನು ಎರಡು ಸಲ ಪೂರ್ತಿ ತಿರುಗಿಸಿ ನೋಡಿದರು. “ಸರಿಯಾಯ್ತು. ಏನಾಗಿತ್ತು?”

ನಾನು ಆಗಲೇ ಒಂದು ಕಟ್ಟುಕಥೆ ಹೊಂದಿಸಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಮೂರನೇ ಮಹಡಿಗೂ ಮುಟ್ಟುವ ಹಾಗೆ ಹೇಳಿದರು:

“ನನಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ ಸ್ವಾಮಿ. ಇನ್ಮೇಲೆ ಏನಿದ್ರೂ ಇವಳಿಗೆ ಹೇಳಿ.”