ಸುಳ್ಳುಸಾಕ್ಷಿ ಹೇಳಿದ ಪೇಟಿ

ನಾನು ಒಂದು ಕಾಲುಪೇಟಿ. ಓದಿದವರು ಹಾರ್ಮೋನಿಯಂ ಎನ್ನುತ್ತಾರೆ, ನಮ್ಮ ಕಡೆ ಪೇಟಿ ಎಂದರೇನೇ ಮರ್ಯಾದೆ. ಚಾಪೆಯ ಮೇಲೆ ಕೂರುವ ಸಣ್ಣ ಪೇಟಿಗಳ ಜಾತಿ ನನ್ನದಲ್ಲ. ನನಗೆ ನಾಲ್ಕು ಕಾಲುಗಳಿವೆ. ನುಡಿಸುವವರು ಕುರ್ಚಿ ಹಾಕಿಕೊಂಡು ಕೂತು, ಕೆಳಗಿನ ಪೆಡಲು ತುಳಿದು ನನ್ನ ತಿದಿಗೆ ಗಾಳಿ ತುಂಬಬೇಕು. ಹಾಗಾಗಿ ಮನುಷ್ಯರ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಪರಿಚಯ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ತೇಗದ ಹಲಗೆ ಕೊರೆದು ನನ್ನನ್ನು ಮಾಡಿದರು. ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಿಗೆಗಳನ್ನು ಸಾಲಾಗಿ ಕೂರಿಸಿದರು. ಒಂದೊಂದು ಮನೆ, ಅಂದರೆ ಕೀಲಿ, ಒತ್ತಿದರೆ ಒಂದೊಂದು ನಾಲಿಗೆ ನಡುಗಿ ಸ್ವರ ಹೊರಡುತ್ತದೆ. ಅಷ್ಟೇ ನನ್ನ ವಿದ್ಯೆ. ಆದರೂ ಹುಟ್ಟಿದಂದಿನಿಂದ ನನಗೆ ಜಂಬ ಇತ್ತು. ಮೊದಲು ನನ್ನನ್ನು ಕೊಂಡದ್ದು ಒಂದು ನಾಟಕ ಕಂಪನಿ. ರಾಜನ ಪಾತ್ರದವನು ಮೀಸೆ ಅಂಟಿಸಿಕೊಂಡು ರಂಗದ ಮೇಲೆ ಬಂದರೂ ನಾನು ಸ್ವರ ಕೊಡುವವರೆಗೆ ಬಾಯಿ ತೆರೆಯುವಂತಿರಲಿಲ್ಲ. ರಾಜನೇ ನನ್ನ ದಾರಿ ಕಾಯುತ್ತಾನೆಂದರೆ ತಲೆ ತಿರುಗದೆ ಇರುತ್ತದೆಯೇ?

ಒಂದು ಬೇಸಿಗೆಯಲ್ಲಿ ಕಂಪನಿ, ಕುಪ್ಪಸದ ಖಣ ನೇಯುವ ಒಂದು ಊರಿನಲ್ಲಿ ಬಿಡಾರ ಹೂಡಿತ್ತು. ಬಿರುಗಾಳಿ ಬಂದು ತಂಬೂ ಹರಿದು ಹೋಯಿತು. ನಟರೆಲ್ಲ ಉಪವಾಸ ಬೀಳುವ ಹೊತ್ತಿಗೆ ಅಲ್ಲಿನ ಚರ್ಚಿನ ಸಭಾಪಾಲಕರು ಅವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ಎಷ್ಟೋ ದಿನ ಸಾಕಿದರು. ಹೊರಡುವಾಗ ಕಂಪನಿಯ ಯಜಮಾನ ಕಣ್ಣೀರು ಹಾಕಿಕೊಂಡು ನನ್ನನ್ನು ಅವರ ಅಂಗಳದಲ್ಲಿ ಇಳಿಸಿ, "ಅನ್ನದ ಋಣ ಅಯ್ನೋರ, ಇದನ್ನ ಇಟ್ಗೋರಿ" ಎಂದ. ಅಯ್ಯನವರು ನನ್ನನ್ನು ಚರ್ಚಿನ ಮಗ್ಗುಲಲ್ಲಿದ್ದ ಮಿಶನ್ ಪ್ರಾಥಮಿಕ ಶಾಲೆಗೆ ಕಳಿಸಿದರು. ರಾಜರ ಸಭೆಯಿಂದ ಹೊರಟವನು ಒಂದನೇ ಇಯತ್ತೆಗೆ ಬಂದು ನಿಂತೆ.

ಅಲ್ಲಿ ನನ್ನನ್ನು ನುಡಿಸಿದವರು ಕೃಪಾಬಾಯಿ ಅಕ್ಕೋರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲೇ ಪೆಡಲು ತುಳಿಯುತ್ತಿದ್ದರು. ಹಿಮ್ಮಡಿ ಒಡೆದಿತ್ತು, ಸೀರೆಯ ಅಂಚು ಒಗೆದೊಗೆದು ಬಿಳಿಚಿತ್ತು, ತುಳಿತ ಮಾತ್ರ ತೊಟ್ಟಿಲು ತೂಗಿದಷ್ಟು ಹದ. ಮಕ್ಕಳನ್ನು ಹೊಡೆಯುತ್ತಿರಲಿಲ್ಲ. ಊರಿಗೆ ಊರೇ ಅವರನ್ನು ಒಳ್ಳೆಯವರು ಎನ್ನುತ್ತಿತ್ತು, ಮತ್ತು ಅದು ನಿಜವೇ ಆಗಿತ್ತು.

ಬೆಳಿಗ್ಗೆ ಗಂಟೆ ಹೊಡೆದರೆ ಮಕ್ಕಳು ಸಾಲಾಗಿ ಬಂದು ನಿಲ್ಲುತ್ತಿದ್ದರು. ಮೊದಲು ಹಾಡು, ಆಮೇಲೆ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಬೇಕು. ಅರ್ಧ ಮಕ್ಕಳು ರೆಪ್ಪೆ ಸಂದಿಯಿಂದ ಇಣುಕುವವರೇ. "ಅಕ್ಕೋರ, ಇಂವಾ ಕಣ್ಣ ತಗದಾನ್ರಿ" ಎಂದು ಚಾಡಿ ಹೇಳುವವನು ತಾನೂ ಕಣ್ಣು ತೆರೆದದ್ದಕ್ಕೆ ತಾನೇ ಸಾಕ್ಷಿಯಾಗುತ್ತಿದ್ದ. ಆಮೇಲೆ ಹತ್ತು ಆಜ್ಞೆಗಳನ್ನು ರಾಗವಾಗಿ ಒಪ್ಪಿಸುವುದು. ತಂದೆತಾಯಿಯನ್ನು ಗೌರವಿಸು, ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ. ಆಮೇಲೆ ಮಗ್ಗಿ, ಪಾಟಿಯ ಮೇಲೆ ಲೆಕ್ಕ. ಮಧ್ಯಾಹ್ನ ಕೈ ಜೋಡಿಸಿ ದೇವರಿಗೆ ಸ್ತೋತ್ರ ಹೇಳಿ ಗೋಧಿ ಉಪ್ಪಿಟ್ಟು. ಶುಕ್ರವಾರ ಇನ್ನೊಂದು ಪದ್ಧತಿ ಇತ್ತು. ಆ ವಾರ ತಪ್ಪು ಮಾಡಿದ ಮಗು ತಾನಾಗಿ ಮುಂದೆ ಬಂದು ತಪ್ಪು ಒಪ್ಪಿಕೊಳ್ಳಬೇಕು, ಇಡೀ ಶಾಲೆ ಅದಕ್ಕಾಗಿ ಪ್ರಾರ್ಥನೆ ಮಾಡಬೇಕು. ಬಳಪ ಕದ್ದವನು, ಜುಟ್ಟು ಎಳೆದವನು ಎಲ್ಲರೂ ಹಾಗೆ ನಿಂತು ಹಗುರಾಗಿ ಹೋಗುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಸಮಾಧಾನದ ಒಂದು ಹಾಡು ನನ್ನದು.

ನಾನು ಬದಲಾದೆ. ನಾಟಕದ ಚಾಳಿ ಬಿಟ್ಟೆ. ಈ ಮಕ್ಕಳು ಸ್ವರ ಕಲಿಯುವುದು ನನ್ನಿಂದಲೇ, ನಾನು ಹೇಳಿದ್ದೇ ವೇದವಾಕ್ಯ ಎಂದು ಹೊಸ ಜಂಬ ಶುರುವಾಯಿತು.

ಆ ವರ್ಷದ ಸುಗ್ಗಿಹಬ್ಬಕ್ಕೆ ಸಭೆಯವರು ಬೆಳೆದದ್ದರಲ್ಲಿ ಮೊದಲ ಪಾಲು ತಂದು ಚರ್ಚಿಗೆ ಕಾಣಿಕೆ ಕೊಟ್ಟರು. ಜೋಳದ ಚೀಲ, ಕುಂಬಳಕಾಯಿ, ಕೋಳಿ, ಶೇಂಗಾ. ಹರಾಜು ಆಗುವವರೆಗೆ ಎಲ್ಲವನ್ನೂ ನನ್ನ ಕೋಣೆಯಲ್ಲಿ ಒಟ್ಟಿದರು. ಯಾರೋ ಪುಣ್ಯಾತ್ಮರು ಒಂದು ತಂಬಿಗೆ ಕಾಕಂಬಿ, ಅದೇ ಜೋನಿಬೆಲ್ಲ, ತಂದು, ನೆಲದಲ್ಲಿ ಜಾಗ ಇಲ್ಲದೆ, ನನ್ನ ತಲೆಯ ಮೇಲೆಯೇ ಇಟ್ಟರು. ಕೋಳಿ ಹಾರಿತು, ತಂಬಿಗೆ ವಾಲಿತು. ಕಂಡವರು ಮೇಲೆಲ್ಲ ಒರೆಸಿದರು. ಆದರೆ ಕಾಕಂಬಿಯ ಒಂದೆರಡು ಹನಿ ಮನೆಗಳ ಸಂದಿಯಿಂದ ಒಳಗೆ ಇಳಿದು, ಪಂಚಮದ ನಾಲಿಗೆಯ ತುದಿಗೆ ಅಂಟಿಕೊಂಡಿತು. ಅದರ ಮೇಲೆ ಬಳಪದ ಪುಡಿ ಕೂತಿತು, ಆಮೇಲೆ ಧೂಳು. ನಾಲಿಗೆ ಭಾರವಾಯಿತು. ಪಂಚಮ ಕೂದಲೆಳೆಯಷ್ಟು ಇಳಿಯಿತು, ಮತ್ತೆ ಇನ್ನಷ್ಟು ಇಳಿಯಿತು.

ಯಾರಿಗೂ ತಿಳಿಯಲಿಲ್ಲ. ದಿನಾ ನೋಡುವವರಿಗೆ ಮಗು ಬೆಳೆದದ್ದು ಕಾಣದಲ್ಲ, ಹಾಗೆ. ಅಕ್ಕೋರ ಕಿವಿ ನನ್ನ ಜೊತೆಯಲ್ಲೇ ಇಳಿಯಿತು, ಮಕ್ಕಳ ಗಂಟಲೂ ಇಳಿಯಿತು. ನನಗೆ ಗೊತ್ತಿತ್ತೇ ಎಂದು ನೀವು ಕೇಳಬಹುದು. ಗೊತ್ತಿತ್ತು. ನಾಲಿಗೆ ಕೆಟ್ಟರೆ ರುಚಿ ಗೊತ್ತಾಗದೆ ಇರುತ್ತದೆಯೇ? ಆದರೆ ಪೇಟಿ ತಾನಾಗಿ ಮಾತಾಡುವಂತಿಲ್ಲ, ಒತ್ತಿದಾಗ ಒತ್ತಿದ್ದನ್ನೇ ಹೇಳಬೇಕು.

ಮುಂದಿನ ಜೂನ್‌ನಲ್ಲಿ ರಾಹೇಲ ಬಂದಳು. ಅವಳ ಅಪ್ಪ ದಾವೀದಪ್ಪ ನೇಕಾರ, ಮಗ್ಗದ ಕೆಲಸ ಹುಡುಕಿಕೊಂಡು ಬೇರೆ ಊರಿನಿಂದ ಸಂಸಾರ ಸಮೇತ ಬಂದಿದ್ದ. ಹುಡುಗಿ ನಾಲ್ಕನೇ ಇಯತ್ತೆ ಸೇರಿದಳು. ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಹಾಡು ಮಾತ್ರ ತಾಯಿ ನೂಲು ಸುತ್ತುತ್ತ ಹಾಡುವುದನ್ನು ಕೇಳಿ ಕೇಳಿ ಕಲಿತದ್ದು. ಅವಳು ಬಾಯಿ ತೆರೆದರೆ ಹಿಂದಿನ ಸಾಲಿನ ಪೋಕರಿಗಳೂ ಗುದ್ದಾಟ ನಿಲ್ಲಿಸುತ್ತಿದ್ದರು. ಕ್ರಿಸ್ಮಸ್ ಹಾಡಿನ ಮೊದಲ ಚರಣ ಒಬ್ಬಳೇ ಹಾಡಬೇಕೆಂದು ಅಕ್ಕೋರು ಅವಳನ್ನೇ ಆರಿಸಿದರು. ದಾವೀದಪ್ಪ ಹಿಗ್ಗಿ ಹೀರೇಕಾಯಿಯಾದ. ಮಗಳು ಅಂದು ತೊಡಲೆಂದು ತಾನೇ ಒಂದು ಖಣ ನೇಯಲು ಕೂತ.

ಮೊದಲ ತಾಲೀಮು. ರಾಹೇಲ ಹಾಡುತ್ತ ಬಂದು 'ಬೇತ್ಲೆಹೇಮ' ಎನ್ನುವಲ್ಲಿ ಪಂಚಮ ಮುಟ್ಟಿದಳು. ಅವಳದು ನೆಟ್ಟಗೆ ನಿಂತಿತು, ನನ್ನದು ಕೆಳಗೆ ಜಾರಿತು. ಎರಡೂ ಕೂಡಿ, ಹಲ್ಲಿನ ಸಂದಿಗೆ ಮರಳು ಸಿಕ್ಕ ಹಾಗೆ ಕರಕರ ಎಂದಿತು. ಅಕ್ಕೋರ ಪಾದ ನಿಂತಿತು.

"ಮ್ಯಾಲ ಹೊಂಟಿ ನೋಡವ್ವಾ ರಾಹೇಲ. ಪೇಟಿ ಕೇಳಿ ಹಾಡು."

ಮತ್ತೆ ಹಾಡಿದಳು. ಮತ್ತೆ ಕರಕರ. ಮೂರನೇ ಸಲ ಹುಡುಗಿ ತಲೆ ತಗ್ಗಿಸಿ, "ಅಕ್ಕೋರ, ಪೇಟಿನ ತಪ್ಪ ಹೇಳಾಕತ್ತೈತ್ರಿ" ಎಂದಳು.

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅಕ್ಕೋರೂ ನಕ್ಕರು. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ಪೇಟಿಗೆ ಸುಳ್ಳ ಹೇಳಾಕ ಬರತೈತೇನ? ಅದೇನ ಮನಶ್ಯಾ ಐತಿ?"

ಆ ಮಾತು ಕೇಳಿ ನನ್ನ ತಿದಿಯ ಗಾಳಿಯೆಲ್ಲ ಇಳಿದು ಹೋಯಿತು. ನೆಲ ಡೊಂಕೇ ಇತ್ತು. ಕುಣಿಯುವವಳು ಸರಿಯಾಗಿಯೇ ಕುಣಿದಿದ್ದಳು.

ರಾಹೇಲ ಹಟ ಬಿಡಲಿಲ್ಲ. ತಾಲೀಮಿನಲ್ಲಿ ಪ್ರತಿ ಸಲವೂ ತನ್ನ ಸ್ವರವನ್ನೇ ಹಾಡಿದಳು, ಪ್ರತಿ ಸಲವೂ ನನ್ನ ಕಡೆಗೇ ಬೊಟ್ಟು ಮಾಡಿದಳು. ಅಕ್ಕೋರಿಗೆ ಸಿಟ್ಟಲ್ಲ, ಭಯ ಹತ್ತಿತು. ಇಷ್ಟು ಸಣ್ಣ ಮಗುವಿಗೆ ಇಷ್ಟು ಹಮ್ಮು ಬಂದರೆ ಆತ್ಮದ ಗತಿ ಏನು ಎಂದು ನಿಜವಾಗಿಯೂ ಮರುಗಿದರು. ಶುಕ್ರವಾರ ಬಂತು.

ರಾಹೇಲ ನನ್ನ ಪಕ್ಕದಲ್ಲೇ ಬಂದು ನಿಂತಳು. ಅವಳ ಕಾಲ್ಬೆರಳುಗಳು ನೆಲವನ್ನು ಕೆರೆಯುತ್ತಿದ್ದವು. ಅಕ್ಕೋರು ಮೆಲ್ಲಗೆ ಹೇಳಿಕೊಟ್ಟರು, ಅವಳು ಹೇಳಿದಳು. "ನಾನು ಹಮ್ಮಿನಿಂದ ಪೇಟಿಯ ಮೇಲೆ ಸುಳ್ಳುಸಾಕ್ಷಿ ಹೇಳಿದೆ. ದೇವರೇ, ನನ್ನನ್ನು ಕ್ಷಮಿಸು."

ಅಷ್ಟೂ ಮಕ್ಕಳು ಕಣ್ಣು ಮುಚ್ಚಿ ಅವಳಿಗಾಗಿ ಪ್ರಾರ್ಥಿಸಿದರು. ಆ ದಿನ ಯಾರೂ ರೆಪ್ಪೆ ಸಂದಿಯಿಂದ ಇಣುಕಲಿಲ್ಲ. ಸಾಕ್ಷಿ ಸುಳ್ಳಾಗಿದ್ದು ನನ್ನದು, ತಪ್ಪು ಒಪ್ಪಿಕೊಂಡದ್ದು ಅವಳು. ಪ್ರಾರ್ಥನೆ ಮುಗಿಯಿತು. ಅಕ್ಕೋರು ಪೆಡಲು ತುಳಿದರು, ನಾನು ಸಮಾಧಾನದ ಹಾಡು ನುಡಿದೆ. ಭೂಮಿ ಬಾಯಿಬಿಟ್ಟರೆ ಇಳಿದು ಹೋಗಬಾರದೇ ಎನಿಸಿತು.

ಚರಣ ಬೇರೆ ಹುಡುಗಿಗೆ ಹೋಯಿತು. ಅಕ್ಕೋರು ರಾಹೇಲಳ ತಲೆ ಸವರಿ, "ನೀ ಹಿಂದ ನಿಂತ ಬಾಯಿ ಅಷ್ಟ ಆಡ್ಸವ್ವಾ. ಮುಂದಿನ ವರ್ಷ ನೋಡೂಣು" ಎಂದರು. ಕ್ರಿಸ್ಮಸ್ ದಿನ ಅವಳು ಹೊಸ ಖಣದ ಕುಪ್ಪಸ ತೊಟ್ಟು ಕೊನೆಯ ಸಾಲಿನಲ್ಲಿ ನಿಂತಳು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಎಲ್ಲ ಮುಗಿದ ಮೇಲೆ ದಾವೀದಪ್ಪ ನನ್ನ ಹತ್ತಿರವೇ ನಿಂತು ಮಗಳನ್ನು ಕೇಳಿದ.

"ಯಾಕವ್ವಾ, ನಿನ್ನ ದನಿ ಕೇಳಲೇ ಇಲ್ಲಲಾ?"

"ಹಾಡಿದ್ನ್ಯಪಾ," ಎಂದಳು ಅವಳು. "ನೀ ದೂರ ಕುಂತಿದ್ದಿ."

ಸುಳ್ಳು ಗೊತ್ತಿಲ್ಲದ ಹುಡುಗಿ ಅಪ್ಪನ ಮುಂದೆ ಸುಳ್ಳು ಹೇಳಿದಳು. ಅದನ್ನು ಕಲಿಸಿದ ಶಾಲೆ ನಾನು.

ಬೇಸಿಗೆಯ ರಜೆ ಹತ್ತಿರ ಬಂದಾಗ ನನ್ನೊಳಗೆ ಇರುವೆ ಹೊಕ್ಕವು. ಕಾಕಂಬಿಯ ವಾಸನೆ ಅವಕ್ಕೆ ಗೊತ್ತಾಗಿತ್ತು, ಮನುಷ್ಯರ ಕಿವಿಗೆ ಗೊತ್ತಾಗದ್ದು. ಸಾಲು ಕಂಡು ಅಕ್ಕೋರು ಒಂದು ಮಧ್ಯಾಹ್ನ ನನ್ನ ಮುಚ್ಚಳ ಬಿಚ್ಚಿದರು. ಪಂಚಮದ ನಾಲಿಗೆಯ ಮೇಲೆ ಕರಿ ಗಡ್ಡೆ. ತಲೆಯ ಪಿನ್ನು ತೆಗೆದು ಕೆರೆದರು, ಒದ್ದೆ ಬಟ್ಟೆಯಿಂದ ಒರೆಸಿದರು. ಪೆಡಲು ತುಳಿದು ಆ ಮನೆ ಒತ್ತಿದರು.

ನಾನು ನಿಜ ಹೇಳಿದೆ. ಎಷ್ಟು ದಿನದ ಮೇಲೆ!

ಅಕ್ಕೋರು ಬೆರಳು ಎತ್ತಲಿಲ್ಲ. ಆ ಒಂದೇ ಸ್ವರವನ್ನು ಒತ್ತಿ ಹಿಡಿದುಕೊಂಡೇ ಕೂತರು. ಆಮೇಲೆ ಮೆಲ್ಲಗೆ 'ಬೇತ್ಲೆಹೇಮ' ಎಂದು ರಾಹೇಲ ಹಾಡಿದ ಹಾಗೆ ಹಾಡಿಕೊಂಡರು. ಎರಡೂ ಕೂಡಿದವು, ಕರಕರ ಇರಲಿಲ್ಲ. "ಅಯ್ಯೋ ನನ ಕೂಸ, ಎಂಥಾ ಕೆಲಸ ಮಾಡಿದ್ನಿ" ಎಂದು ಗಟ್ಟಿಯಾಗಿಯೇ ಅತ್ತರು.

ಅವರು ಮುಚ್ಚಿಡುವ ಪೈಕಿ ಅಲ್ಲ. ಮುಂದಿನ ಶುಕ್ರವಾರ ತಪ್ಪು ಮಾಡಿದ ಮಕ್ಕಳು ನಿಲ್ಲುವ ಜಾಗದಲ್ಲಿ ತಾವೇ ಹೋಗಿ ನಿಂತರು. ದಾವೀದಪ್ಪನನ್ನೂ ಕರೆಸಿದ್ದರು. "ರಾಹೇಲ ಖರೇ ಹೇಳಿದ್ಲು, ನಾ ಕೇಳಲಿಲ್ಲ. ಸುಳ್ಳುಸಾಕ್ಷಿ ನಂದು. ನನಗ ಕ್ಷಮಾ ಮಾಡವ್ವಾ" ಎಂದು ಆ ಪುಟ್ಟ ಹುಡುಗಿಯ ಮುಂದೆ ಕೈ ಜೋಡಿಸಿದರು. ಮಕ್ಕಳು ಬಾಯಿ ತೆರೆದು ನೋಡಿದರು. ಅಕ್ಕೋರಿಗಾಗಿ ಪ್ರಾರ್ಥನೆ ಮಾಡುವುದು ಹೇಗೆಂದು ಯಾರಿಗೂ ತಿಳಿಯದೆ, ಕೊನೆಗೆ ಎಲ್ಲರೂ ಕಣ್ಣು ಮುಚ್ಚಿದರು.

"ಈಗ ಹಾಡವ್ವಾ," ಎಂದರು ಅಕ್ಕೋರು. "ನಿಮ್ಮಪ್ಪ ಕೇಳಲಿ."

ನಾನು ಜೀವ ಹಿಡಿದುಕೊಂಡು ಸ್ವರ ಕೊಟ್ಟೆ. ಎಲ್ಲ ಸರಿಹೋಗುವ ಗಳಿಗೆ ಬಂತು ಎಂದುಕೊಂಡಿದ್ದೆ. ರಾಹೇಲ ಹಾಡಿದಳು. ದನಿ ಹಾಗೆಯೇ ಇತ್ತು, ಬೆಲ್ಲದಂಥದ್ದು. 'ಬೇತ್ಲೆಹೇಮ'ಕ್ಕೆ ಬಂದಳು. ಅಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಮೈಯೆಲ್ಲ ಗಮನವಾಗಿ, ಸ್ವರವನ್ನು ಜೋಪಾನವಾಗಿ ಕೆಳಗಿಳಿಸಿದಳು. ನನ್ನ ಹಳೆಯ ಸುಳ್ಳು ಎಲ್ಲಿತ್ತೋ ಅಲ್ಲಿಗೇ.

ಹಾಡು ಮುಗಿಸಿ ಮುಖ ಅರಳಿಸಿದಳು. "ಈಗ ಬರತೈತ್ರಿ ಅಕ್ಕೋರ. ದಿನಾ ಮನ್ಯಾಗ ರೂಢಿ ಮಾಡೇನ್ರಿ. ಪೇಟಿ ಹ್ಯಾಂಗ ಹೇಳತೈತ್ಯೋ ಹಾಂಗ."

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ. "ಅಕ್ಕೋರ, ಇವತ್ತ ಪೇಟಿನ ಕೆಟ್ಟೈತ್ರಿ!"

ದಾವೀದಪ್ಪ ಚಪ್ಪಾಳೆ ತಟ್ಟಿದ. ಮಗಳ ದನಿ ಕೇಳಿತಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು. ಅಕ್ಕೋರು ಆಮೇಲೆ ಅವಳದೇ ಮೊದಲಿನ ಸರಿಯಾದ ಸ್ವರವನ್ನು ಮರಳಿ ಕಲಿಸಲು ಒದ್ದಾಡಿದರು. ಎದುರಿಗೆ ಕೂತು ಹೇಳಿಕೊಟ್ಟರೆ ಹುಡುಗಿಗೆ ಬರುತ್ತಿತ್ತು, ತನ್ನ ಪಾಡಿಗೆ ಹಾಡಿದರೆ ಮತ್ತೆ ಜಾರುತ್ತಿತ್ತು. ಜೂನ್‌ನಲ್ಲಿ ಮಿಶನ್‌ನವರು ಅಕ್ಕೋರನ್ನು ದೂರದ ಊರಿನ ಶಾಲೆಗೆ ವರ್ಗ ಮಾಡಿದರು. ಹೋಗುವ ದಿನ ನನ್ನ ಮುಚ್ಚಳವನ್ನು ಒಮ್ಮೆ ಸವರಿ ಹೊರಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ಎಷ್ಟೋ ಮಾಸ್ತರರು, ಎಷ್ಟೋ ಪಾದಗಳು. ನನ್ನ ತಿದಿ ಹರಿಯಿತು, ಇಲಿ ಮರಿ ಹಾಕಿತು. ಕರೆಂಟಿನ ಕೀಬೋರ್ಡ್ ಬಂತು. ನಾನು ಸಾಮಾನಿನ ಕೋಣೆಯ ಮೂಲೆಗೆ ಬಂದೆ, ಮುರಿದ ಬೆಂಚು ಮತ್ತು ಕ್ರಿಸ್ಮಸ್ ಗೋದಲಿಯ ಬೊಂಬೆ ಒಂಟೆಗಳ ಜೊತೆಗೆ. ನಾಟಕದ ಜಂಬ ಯಾವತ್ತೋ ಇಂಗಿದೆ. ಈಗ ನನಗೆ ನಾಚಿಕೆ ಬಿಟ್ಟು ಬೇರೆ ಆಸ್ತಿ ಇಲ್ಲ.

ಮೊನ್ನೆ ಕ್ರಿಸ್ಮಸ್ ಸಾಮಾನು ತೆಗೆಯಲು ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಳು. ಬಾಗಿ ನನ್ನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಾಗ, ಕಾಲ್ಬೆರಳು ನೋಡಿ ಗುರುತು ಹಿಡಿದೆ. ರಾಹೇಲ. ಈಗೇನಾದರೂ ಬಯ್ಯುತ್ತಾಳೆ ಎಂದು ಕಾದೆ, ಅದಕ್ಕಾಗಿ ಆಸೆಯನ್ನೂ ಪಟ್ಟೆ.

"ನೋಡ ಬಾ ಇಲ್ಲೆ," ಎಂದು ಮೊಮ್ಮಗಳನ್ನು ಹತ್ತಿರ ಕರೆದಳು. "ನನಗ ಹಾಡ ಕಲಸಿದ್ದ ಇದ. ನನ ಗುರು ಇದು. ನಮಸ್ಕಾರ ಮಾಡು."

ಮಗು ನನಗೆ ಕೈ ಮುಗಿಯಿತು. ಅಜ್ಜಿ ಒಂದು ಸಾಲು ಹಾಡಿ ತೋರಿಸಿದಳು, 'ಬೇತ್ಲೆಹೇಮ'ದಲ್ಲಿ ಜೋಪಾನವಾಗಿ ಇಳಿದಳು. ಮಗು ಅವಳ ಹಿಂದೆಯೇ ಹಾಡಿತು. ಅದೂ ಅಲ್ಲೇ ಇಳಿಯಿತು. ಸರಿಯಾದ ಪಂಚಮ ಇನ್ನೂ ನನ್ನೊಳಗೆ ಇದೆ. ಹೇಳಲು ಗಾಳಿ ಇಲ್ಲ.