ಒಲೆಗೊಂದು ಹಸು

ಹಣಕಾಸು ಮಂತ್ರಿಗಳು ಟೀವಿಯಲ್ಲಿ ಬಜೆಟ್ ಓದಿದರು. ನಡುನಡುವೆ ನೀರು ಕುಡಿದು, ಕೊನೆಗೆ ಹಳ್ಳಿಯ ಪ್ರತಿ ಕುಟುಂಬಕ್ಕೂ ಒಂದು ಹಸು ಎಂದರು. ಎದುರಿಗಿದ್ದವರೆಲ್ಲ ಮೇಜು ಕುಟ್ಟಿದರು. ಅವರಲ್ಲಿ ಒಬ್ಬರಾದರೂ ಸಗಣಿ ಬಾಚಿದವರಿದ್ದಂತೆ ನನಗೆ ಕಾಣಲಿಲ್ಲ. ನಮ್ಮ ಮನೆಯಲ್ಲಿ ಭಾವ ತಮ್ಮ ತೊಡೆ ಕುಟ್ಟಿಕೊಂಡರು. ನನ್ನ ಗಂಡನ ಅಣ್ಣ ಇವರು. ಟೀವಿಯಲ್ಲಿ ಬಂದದ್ದನ್ನೆಲ್ಲ ಊರಿಗೆ ಒಪ್ಪಿಸುತ್ತಾರೆಂದು ಜನ ಇವರನ್ನು ರೇಡಿಯೊ ಎನ್ನುತ್ತಾರೆ.

“ಕುಟುಂಬ ಅಂದ್ರೆ ಯಾವ ಲೆಕ್ಕ?” ಅಂತ ಅತ್ತೆ ಕೇಳಿದರು.

“ಒಲೆ ಲೆಕ್ಕ ಕಣಮ್ಮ. ಒಂದು ಒಲೆ ಇದ್ರೆ ಒಂದು ಹಸು. ಎರಡು ಒಲೆ ಇದ್ರೆ ಎರಡು,” ಎಂದರು ಭಾವ. ಹೇಳುತ್ತಲೇ ಅಡುಗೆಮನೆಯನ್ನು ಅಳೆಯುವವರಂತೆ ನೋಡಿದರು.

ಬಚ್ಚಲುಮನೆಯ ಸೋರುವ ಹೆಂಚು ಬದಲಿಸಲು ವರ್ಷಗಟ್ಟಲೆ ಪುರುಸೊತ್ತಿಲ್ಲದ ಅಣ್ಣತಮ್ಮಂದಿರು ವಾರ ಕಳೆಯುವುದರೊಳಗೆ ಅಡುಗೆಮನೆಯ ನಡುವೆ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಆಚೆ ಭಾವ ಮತ್ತು ಅಕ್ಕನ ಒಲೆ, ಈಚೆ ನಮ್ಮದು.

ಅಕ್ಕ ಎಂದರೆ ನನ್ನ ವಾರಗಿತ್ತಿ. ನಾನು ಈ ಮನೆಗೆ ಬಂದ ದಿನದಿಂದ ಅವಳು ಒಲೆಯ ಮುಂದೆ, ನಾನು ಪಕ್ಕದ ಮಣೆಯ ಮೇಲೆ. ಅವಳು ಬೇಯಿಸುತ್ತಿದ್ದಳು, ನಾನು ಊರಿನವರ ಬಂಡವಾಳವನ್ನೆಲ್ಲ ಬಿಚ್ಚಿಡುತ್ತಿದ್ದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ನನಗೆ ಹಸು ಬೇಕಿರಲಿಲ್ಲ, ಅಕ್ಕ ಬೇಕಾಗಿದ್ದಳು. ಹಾಗಂತ ಗಂಡನಿಗೆ ಹೇಳಿಯೂ ಹೇಳಿದೆ.

“ಒಲೆ ಎಣಿಸೋ ಸರ್ವೆಯವರು ಬಂದು ಹೋಗೋ ತನಕ ಅಷ್ಟೇ ಕಣೆ. ಹಸು ಕೈಗೆ ಬಂದ ದಿನಾನೇ ಒಡೆದು ಹಾಕ್ತೀನಿ,” ಎಂದ.

“ನನ್ನನ್ನ ಯಾವ ಒಲೆಗೆ ಬರೆಸಿದ್ರಿ?” ಎಂದು ಅತ್ತೆ ಕೇಳಿದರು. ಹೆತ್ತವಳನ್ನು ಎಣಿಸುವುದೇ ಮರೆತಿದ್ದರು, ಈ ಬುದ್ಧಿವಂತ ಗಂಡುಮಕ್ಕಳು. ಕೊನೆಗೆ ದೊಡ್ಡವನ ಕಡೆಗೆ ಹಾಕಿದರು.

ಸರ್ವೆಯವರು ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ದಿನಾ ಎರಡು ಕಡೆ ಹೊಗೆ ಏಳಬೇಕು, ಎರಡು ಕಡೆ ಪಾತ್ರೆ ಮಸಿಯಾಗಬೇಕು. ಭಾವ ಬೆಳಗ್ಗೆ ಎದ್ದವರೇ ಹಿತ್ತಿಲಲ್ಲಿ ನಿಂತು ಎರಡೂ ಹೊಗೆ ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಿದ್ದರು. ಇದು ಅವರು ಮಾಡಿದ ಮೊದಲ ಮನೆಗೆಲಸ. ನಾನು ಒಬ್ಬಳೇ ಕೂತು ಅನ್ನ ಸೀಯಿಸುತ್ತಿದ್ದೆ. ಗಂಡ ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದ. ಗೋಡೆ ಅವನೇ ಕಟ್ಟಿದ್ದಲ್ಲವೇ.

ಬೇಸಿಗೆ ಮುಗಿಯುವ ಹೊತ್ತಿಗೆ ಸರ್ವೆ ಸಾಹೇಬರು ಬಂದರು. ಬೂಟು ಬಿಚ್ಚದೆ ಒಳಗೆ ನುಗ್ಗಿ ಎರಡೂ ಒಲೆಯ ಬೂದಿಗೆ ಬೆರಳು ಹಾಕಿ ನೋಡಿದರು. ದೇಶದ ಬೊಕ್ಕಸ ಇಂಥ ಬೆರಳಿನ ಮೇಲೆ ನಿಂತಿದೆ. ಎರಡೂ ಬಿಸಿ ಇತ್ತು. ಆದರೂ ಅವರಿಗೆ ಅನುಮಾನ ಹೋಗಲಿಲ್ಲ.

“ಯಾಕಮ್ಮಾ ಬೇರೆ ಆದ್ರಿ?” ಎಂದು ಅಕ್ಕನನ್ನು ಕೇಳಿದರು.

“ಅವಳಿಗೆ ಖಾರ ಆಗಲ್ಲ ಸರ್,” ಎಂದಳು ಅಕ್ಕ.

ಗೋಡೆಯ ಈಚೆ ನಾನು ಬಾಯಿಗೆ ಕೈ ಒತ್ತಿಕೊಂಡು ನಗು ತಡೆದೆ. ಎಂಥ ನಾಟಕ ಆಡುತ್ತಾಳಪ್ಪ ಅನ್ನಿಸಿತು. ಸಾಹೇಬರು ತಲೆಯಾಡಿಸಿ ಬರೆದುಕೊಂಡು ಹೋದರು.

ಹಸುಗಳು ಬಂದವು. ಒಂದರ ಹಲ್ಲು ಪೂರ್ತಿ ಸವೆದಿತ್ತು, ಇನ್ನೊಂದಕ್ಕೆ ಒದೆಯುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅಧಿಕಾರಿಗಳು ಒದೆಯದ ಹಸುವಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಬಜೆಟ್ಟಿನಿಂದ ಸಂಸಾರಗಳು ಗಟ್ಟಿಯಾದವು ಎಂದು ಭಾವ ಊರೆಲ್ಲ ಸಾರಲು ಹೊರಟರು.

ಅವರು ಅತ್ತ ಹೋದದ್ದೇ ತಡ, ನಾನು ಗಂಡನ ಕೈಗೆ ಹಾರೆ ಕೊಟ್ಟೆ. ಅವನು ಮೊದಲ ಏಟು ಹಾಕುವಷ್ಟರಲ್ಲಿ ಅಕ್ಕ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಇರ್ಲಿ ಬಿಡಪ್ಪ,” ಎಂದಳು.

ತಮಾಷೆ ಎಂದುಕೊಂಡೆ. “ಸಾಹೇಬ್ರು ಹೋಗಿ ಎಷ್ಟೋ ದಿನ ಆಯ್ತಕ್ಕಾ. ಇನ್ನೂ ನಾಟಕ ಯಾಕೆ?”

“ನಾನೆಲ್ಲಿ ನಾಟಕ ಆಡಿದೆ? ಇಷ್ಟು ವರ್ಷ ಖಾರ ಬಿಟ್ಟು ನಿನ್ನ ನಾಲಿಗೆಗೆ ಬೇಯಿಸಿದೆ. ನಿಂಗೆ ಹೇಗೆ ಬೇಕಕ್ಕಾ ಅಂತ ಒಂದಿನ ಕೇಳಿದ್ಯಾ? ಕೂತ ಮಣೆಯಿಂದ ಎದ್ದು ಒಂದು ಪಾತ್ರೆ ಇಳಿಸಿದ್ಯಾ?”

ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವಳಿಗೆ ಸಿಟ್ಟಿರಲಿಲ್ಲ. ಗಂಡ ಹಾರೆಯನ್ನು ಮೂಲೆಗಿಟ್ಟ. ನಾನು ಅತ್ತೆಯ ಕಡೆ ತಿರುಗಿದೆ. ಅವರಾದರೂ ನನ್ನ ಪರವಾಗಿ ಒಂದು ಮಾತು ಹೇಳಲಿ ಎಂದು.

“ಈಗೀಗ ಅವಳು ಹೊಟ್ಟೆ ತುಂಬ ಉಣ್ತಿದಾಳೆ ಕಣೆ,” ಎಂದರು ಅತ್ತೆ.

ಅತ್ತೆ ಸೊಸೆ ಇಬ್ಬರೂ ಆಚೆ ಹೋದರು. ಮಂತ್ರಿಯನ್ನು ಬೈದೆ, ಭಾವನನ್ನು ಬೈದೆ, ಗೋಡೆ ಕಟ್ಟಿದ ಗಂಡನನ್ನೂ ಬೈದೆ. ಬೈಗುಳ ಮುಗಿದ ಮೇಲೆ ಮಣೆಯ ಮೇಲೆ ಕೂತು ಅತ್ತುಬಿಟ್ಟೆ. ಹೊಗೆಯಿಂದ ಕಣ್ಣುರಿ ಅನ್ನುವ ಹಾಗೂ ಇರಲಿಲ್ಲ. ನನ್ನ ಒಲೆ ಇನ್ನೂ ಹಚ್ಚಿಯೇ ಇರಲಿಲ್ಲ.