ನಡುಹೊಳೆಯ ಮೇಜು

ಮಧ್ಯಾಹ್ನ ಎರಡರ ಸುಮಾರಿಗೆ ಕಣಿವೆಯ ಹೊಳೆಯಲ್ಲಿ ನೀರು ಇಳಿಯಿತು. ಮೊಣಕಾಲುದ್ದ ಇದ್ದದ್ದು ಹಿಮ್ಮಡಿಗೆ ಬಂತು. ಮೋಡದ ಸುಳಿವಿರಲಿಲ್ಲ. ಚೆಂಗ್ಡು ನಗರದ ಸೆಕೆ ತಾಳಲಾರದೆ ಬಂದವರು ಎಂದಿನಂತೆ ಹೊಳೆಯೊಳಗೇ ಮೇಜು ಹಾಕಿಕೊಂಡು, ಕಾಲು ನೀರಿಗೆ ಬಿಟ್ಟು, ಬಿಲ್ಲೆ ಜೋಡಿಸುವ ಮಾಜಾಂಗ್ ಆಟ ಆಡುತ್ತಿದ್ದರು. ನೀರು ಏಕೆ ಇಳಿಯಿತು ಎಂದು ಯಾರೂ ಕೇಳಲಿಲ್ಲ.

ಪು ಲಾನ್‌ಶಿನ್ ಕೇಳಿದ್ದು ಬೇರೆ. "ಒಣಕಲ್ಲಿನ ಮೇಲೆ ಕೂರೋಕೆ ಇಷ್ಟು ದೂರ ಬಂದ್ವಾ? ಮೇಜು ಇನ್ನೂ ಒಳಗೆ ಎಳಿ," ಎಂದಳು ಗಂಡ ದೆತಾಯ್‌ಗೆ.

ದೆತಾಯ್ ತಕ್ಷಣ ಎದ್ದ. ಪಕ್ಕದ ಮನೆಯ ಗೌ ನಕ್ಕ. ಅವನು ಸಿಟಿ ಬಸ್ ಓಡಿಸಿ ನಿವೃತ್ತನಾದವನು. "ಹೆಂಡ್ತಿ ಬಾಯಿ ತೆಗೆದ್ರೆ ಸಾಕು, ಇವನು ಸ್ಟಾರ್ಟ್ ಆಗ್ತಾನೆ. ನನ್ನ ಬಸ್ಸಿಗೂ ಇಂಥ ಇಂಜಿನ್ ಇರ್ಲಿಲ್ಲ."

"ನಿನ್ನ ಬಸ್ಸು ಓಡಿದ್ದಕ್ಕಿಂತ ಕೆಟ್ಟು ನಿಂತಿದ್ದೇ ಹೆಚ್ಚು. ನೀನೂ ಎದ್ದು ಒಂದು ಕಡೆ ಹಿಡಿ," ಎಂದಳು ದೆತಾಯ್‌ನ ತಾಯಿ.

ನಡುಹೊಳೆಯಲ್ಲಿ, ದೊಡ್ಡ ಬಂಡೆಯ ಪಕ್ಕದಲ್ಲಿ, ನಾಲ್ವರೂ ಮತ್ತೆ ಕೂತರು. ಮುದುಕಿ ಒಂದು ಕೈಯಲ್ಲಿ ಬೀಸಣಿಗೆ ಆಡಿಸುತ್ತಾ ಬಿಲ್ಲೆಗಳನ್ನು ಜೋಡಿಸಿದಳು. ಸೊಸೆಗೆ ಯಾವ ಬಿಲ್ಲೆ ಬೇಕೆಂದು ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ತಾನು ಸೋತರೂ ಸರಿ, ಅದನ್ನು ಮಾತ್ರ ಸೊಸೆ ಎತ್ತಿಕೊಳ್ಳುವಂತೆ ಕೆಳಗೆ ಹಾಕುತ್ತಿರಲಿಲ್ಲ. ಈ ಸಲ ಲಾನ್‌ಶಿನ್ ತನಗೆ ಬೇಕಾದ ಬಿಲ್ಲೆಯನ್ನು ರಾಶಿಯಿಂದ ತಾನೇ ಎತ್ತಿಕೊಂಡಳು. ಅವಳು ಗೆದ್ದಳು.

ಚೆಂಗ್ಡುವಿನ ಆಟ ಒಬ್ಬರು ಗೆದ್ದ ಮಾತ್ರಕ್ಕೆ ನಿಲ್ಲುವುದಿಲ್ಲ. ಗೆದ್ದವರು ಸುಮ್ಮನೆ ಕೂರಬೇಕು, ಉಳಿದವರು ಆಡಿ ಮುಗಿಸಬೇಕು.

"ಗೆದ್ದೋಳು ಇಲ್ಲಿ ಕೂತು ನನ್ನ ಮುಖ ನೋಡ್ಬೇಡ," ಎಂದಳು ಅತ್ತೆ. "ಹೋಗಿ ಕಲ್ಲಂಗಡಿ ಕೊಯ್ಕೊಂಡು ಬಾ."

ದಡದ ಮೇಲಿದ್ದ ಊಟದ ಮನೆಯ ಅಂಗಳದಲ್ಲಿ ಲಾನ್‌ಶಿನ್ ಹಣ್ಣಿಗೆ ಚಾಕು ಹಾಕಿದಳು. ಆಗಲೇ ಮೇಲಿನ ತಿರುವಿನಿಂದ ಜಲ್ಲಿ ಸುರಿದ ಹಾಗೆ ಸದ್ದು ಬಂತು. ಲಾರಿ ಇರಬೇಕು ಎಂದುಕೊಂಡಳು. ತಲೆ ಎತ್ತಿದರೆ, ತಿರುವಿನಲ್ಲಿ ಬೇರು ಸಮೇತ ಒಂದು ಮರ ಎದ್ದು ನಿಂತಂತೆ ಕಂಡಿತು. ಅದರ ಹಿಂದೆ ಕೆಸರು ನೀರು ಗೋಡೆಯಾಗಿ ಬರುತ್ತಿತ್ತು.

"ಎದ್ದೇಳಿ! ನೀರು!"

ಅತ್ತೆ ತಿರುಗಿ ನೋಡದೆ ಕೈ ಎತ್ತಿದಳು. "ತಡಿ, ಒಂದೇ ಬಿಲ್ಲೆ ಬಾಕಿ."

ದೆತಾಯ್ ನೋಡಿದ. ಕುರ್ಚಿ ಒದ್ದು, ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಓಡಿದ. ಗೌ ಬಂಡೆ ಹತ್ತಿದ. ಲಾನ್‌ಶಿನ್ ದಡದ ಅಂಚಿಗೆ ಬಂದು, ಬಿದಿರಿನ ಬುಡ ತಬ್ಬಿಕೊಂಡು ಕೈ ಚಾಚಿದಳು. ನೀರು ದೆತಾಯ್‌ನ ಸೊಂಟಕ್ಕೆ ಬಂದಿತ್ತು. ಅವನು ತಾಯಿಯನ್ನು ಮೇಲಕ್ಕೆ ನೂಕಿದ.

"ಅಮ್ಮನ್ನ ಹಿಡ್ಕೋ."

ಹಿಡಿದಳು. ಎಳೆದು ಹಾಕಿದಳು. ಮತ್ತೆ ಕೈ ಚಾಚಿದಾಗ ಅಲ್ಲಿ ಬರೀ ನೀರಿತ್ತು. ಮೇಜೂ ಕಾಣಲಿಲ್ಲ.

ಬಂಡೆಯ ಮೇಲಿದ್ದ ಗೌನನ್ನು ಹಗ್ಗ ಕಟ್ಟಿ ಇಳಿಸುವಾಗ ಸಂಜೆಯಾಗಿತ್ತು. ಮೇಲೆ ಎಲ್ಲೋ ಮಳೆ ಸುರಿದು ಗುಡ್ಡ ಕುಸಿದಿತ್ತು, ಹೊಳೆ ಅದಕ್ಕೇ ತಡೆದು ನಿಂತಿತ್ತು, ಆಮೇಲೆ ಒಮ್ಮೆಲೇ ಒಡೆದು ನುಗ್ಗಿತು ಎಂದು ಜನ ಹೇಳುತ್ತಿದ್ದರು. ಲಾನ್‌ಶಿನ್ ಅಂಗಳದಲ್ಲಿ ಕೂತಿದ್ದಳು. ಕೊಯ್ದಿಟ್ಟ ಹಣ್ಣಿಗೆ ಇರುವೆ ಮುತ್ತಿತ್ತು.

ಪೊಲೀಸಿನವನು ಬಂದು ಕೇಳಿದ. "ಮೇಜನ್ನ ನಡುಹೊಳೆಗೆ ಎಳೆಯೋಕೆ ಹೇಳಿದ್ದು ಯಾರು?"

ಲಾನ್‌ಶಿನ್ ಬಾಯಿ ತೆರೆದಳು.

"ನಾನು," ಎಂದಳು ಅತ್ತೆ. "ಕಾಲು ಉರೀತಿದೆ ಅಂದೆ. ಮಗ ಎಳೆದ."

ಪೊಲೀಸಿನವನು ಗೌನ ಕಡೆ ನೋಡಿದ. ಗೌ ನೆಲ ನೋಡುತ್ತಾ, "ಹೌದು, ಅಜ್ಜಿನೇ ಹೇಳಿದ್ದು," ಎಂದ.

ದೆತಾಯ್‌ನ ಶವ ಮಾರನೆಯ ಬೆಳಿಗ್ಗೆ ಕೆಳಗಿನ ಊರಿನ ಸೇತುವೆಯ ಬಳಿ ಸಿಕ್ಕಿತು. ಗುರುತಿಸಲು ಅತ್ತೆ, ಸೊಸೆ ಇಬ್ಬರೂ ಹೋದರು.